ಎಸಿ ಸೋರುತ್ತಿದ್ದ ಬೆಳಗಾವಿ ಬಸ್ಸು

ಕೊರೋನಾ ಮುಗಿದ ಮರುವರ್ಷ ನಾನು ಹುಬ್ಬಳ್ಳಿಯ ಒಂದು ಖಾಸಗಿ ಬಸ್ ಕಂಪನಿಯಲ್ಲಿ ಸೋಷಿಯಲ್ ಮೀಡಿಯಾ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗವೆಂದರೆ ನಾನೊಬ್ಬಳೇ. ನಮ್ಮ ಮ್ಯಾನೇಜರರ ಪ್ರಕಾರ ಗ್ರಾಹಕ ಸೇವೆಯೆಂದರೆ ದಿನಾ ಬೆಳಿಗ್ಗೆ ಫೇಸ್‌ಬುಕ್ ಪುಟದಲ್ಲಿ ತಾವು ಕೈಮುಗಿದು ನಿಂತ ಫೋಟೋ ಹಾಕಿಸುವುದು, ಅದರ ಕೆಳಗೆ ಬಂದ ದೂರುಗಳನ್ನು ಮಾಲೀಕರ ಕಣ್ಣಿಗೆ ಬೀಳುವ ಮೊದಲೇ ಅಳಿಸಿಸುವುದು. ದೂರು ಕೊಡಲು ವೆಬ್‌ಸೈಟಿನಲ್ಲಿ ಒಂದು ಫಾರ್ಮ್ ಇತ್ತು. ಅದು ಮೊಬೈಲಿನಲ್ಲಿ ತೆರೆಯುತ್ತಲೇ ಇರಲಿಲ್ಲ. ಬಸ್ಸಿನಲ್ಲಿ ಕೂತವರು ಕಂಪ್ಯೂಟರ್ ಎಲ್ಲಿಂದ ತರಬೇಕು ಎಂಬುದು ಆ ಮಹಾಶಯರಿಗೆ ಹೊಳೆದಿದ್ದೇ ಇಲ್ಲ.

ಒಂದು ಬೆಳಿಗ್ಗೆ ಧಾರವಾಡದ ಸಪ್ತಾಪುರದ ಹುಡುಗಿಯೊಬ್ಬಳು ಆ ಫೋಟೋದ ಕೆಳಗೆ ಕಮೆಂಟ್ ಹಾಕಿದಳು. ನಮ್ಮ ಬಸ್ಸಿನಲ್ಲಿ ಬೆಂಗಳೂರಿನಿಂದ ಬಂದು ಧಾರವಾಡದಲ್ಲಿ ಇಳಿಯುವಾಗ ಚೀಲ ಸೀಟಿನ ಕೆಳಗೇ ಉಳಿದಿತ್ತು. ಅದರಲ್ಲಿ ಅವಳ ಮೂಲ ಅಂಕಪಟ್ಟಿಗಳಿದ್ದವು. ಮಧ್ಯಾಹ್ನ ನೌಕರಿಯ ದಾಖಲೆ ಪರಿಶೀಲನೆ, ತೋರಿಸದಿದ್ದರೆ ನೌಕರಿ ಕೈತಪ್ಪಿದಂತೆಯೇ. ಬಸ್ಸು ಆಗಲೇ ಬೆಳಗಾವಿಯತ್ತ ಹೊರಟಿತ್ತು. ನಾನು ಕರೆ ಮಾಡಿದರೆ ಡ್ರೈವರ್ ಫೋನ್ ಎತ್ತಲಿಲ್ಲ, ಕ್ಲೀನರ್‌ನ ಫೋನ್ ಸ್ವಿಚ್ ಆಫ್ ಆಗಿತ್ತು.

ಮ್ಯಾನೇಜರರಿಗೆ ಹೇಳಿದೆ. ಅವರು ತಲೆ ಎತ್ತಲೂ ಇಲ್ಲ.

"ಫಾರ್ಮ್ ತುಂಬು ಅಂತ ಹೇಳ್ರಿ ಅಕಿಗೆ. ಮೊದಲ ಆ ಎಸಿ ಹೆಣ್ಮಗಳ ಕಮೆಂಟ್ ತಗೀರಿ, ಮಾಲೀಕರು ನೋಡ್ತಾರ."

ತಲೆಯ ಮೇಲೆ ಎಸಿ ನೀರು ಸೋರುತ್ತಿದೆ ಎಂದು ಬೆಳಕು ಹರಿದಾಗಿನಿಂದ ನಮ್ಮನ್ನು ಬೈಯುತ್ತಿದ್ದ ಹೆಂಗಸು ಅವರು. ಅಳಿಸಲು ಹೋದವಳು ಓದಿದೆ. ಅವರು ಕೂತಿದ್ದು ಅದೇ ಬೆಳಗಾವಿ ಬಸ್ಸಿನಲ್ಲಿ! ಅಳಿಸುವುದನ್ನು ಬಿಟ್ಟು, ಹುಡುಗಿಯ ಸೀಟ್ ನಂಬರ್ ಬರೆದು, ಚೀಲ ಇದೆಯೇ ನೋಡುತ್ತೀರಾ ಎಂದು ಅವರನ್ನೇ ಕೇಳಿದೆ. ಉತ್ತರ ಕೂಡಲೇ ಬಂತು.

"ಚೀಲ ಸಿಕ್ಕೈತಿ. ನಾ ಕಿತ್ತೂರಾಗ ಇಳೀತೇನಿ, ಅಕಿ ಬರೂತನಕ ಬಸ್‌ಸ್ಟ್ಯಾಂಡಿನ್ಯಾಗ ಕುಂತಿರ್ತೇನಿ. ನಿಮ್ಮ ಎಸಿ ಇನ್ನೂ ಸೋರಾಕತ್ತೈತಿ."

ನಾನು ತಿಳಿಸಿದ ಕೂಡಲೇ ಹುಡುಗಿ ಗೆಳತಿಯ ಸ್ಕೂಟರಿನಲ್ಲಿ ಕಿತ್ತೂರಿಗೆ ಹೋಗಿ ಚೀಲ ತಂದಳು, ಪರಿಶೀಲನೆಯೂ ಮುಗಿಯಿತು. ಸಂಜೆ ಚೀಲ ಕಾದು ಕೂತಿದ್ದ ಆ ಅಕ್ಕನ ಹೆಸರು ಹಿಡಿದು ನಮ್ಮ ಪುಟದಲ್ಲಿ ಧನ್ಯವಾದ ಬರೆದಳು. ಮ್ಯಾನೇಜರ್ ಸಾಹೇಬರು ಹೆಸರನ್ನು ಕತ್ತರಿಸಿ, ಉಳಿದದ್ದನ್ನು ತಮ್ಮ ಕೈಮುಗಿದ ಫೋಟೋದ ಪಕ್ಕ ಅಂಟಿಸಿ ಪೋಸ್ಟರ್ ಮಾಡಿಸಿದರು. ಅಕ್ಕನನ್ನು ಪುಟದಿಂದ ಬ್ಲಾಕ್ ಮಾಡಿದರು. ನಾಚಿಕೆ ಎಂಬುದು ಅವರ ಹತ್ತಿರವೂ ಸುಳಿದಿರಲಿಲ್ಲ.

ದಾರಿಯಲ್ಲಿರುವ ಗ್ರಾಹಕರಿಗೆ ಅವರು ಕೇಳಿದ ಜಾಗದಲ್ಲೇ ಉತ್ತರ ಕೊಡಬೇಕು, ಬೈಯುವವರು ಇನ್ನೂ ನಮ್ಮ ಬಸ್ಸಿನಲ್ಲೇ ಕೂತಿದ್ದಾರೆ ಎಂಬುದನ್ನು ಮರೆಯಬಾರದು. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಮುಂದೆ ಆ ಅಕ್ಕನಿಂದ ಒಂದು ದೂರೂ ಬರಲಿಲ್ಲ. ಮ್ಯಾನೇಜರ್ ಅದನ್ನೂ ತಮ್ಮ ಸಾಧನೆ ಎಂದುಕೊಂಡರು. ಅಕ್ಕ ಈಗ ಬೇರೆ ಕಂಪನಿಯ ಬಸ್ಸಿನಲ್ಲಿ ಓಡಾಡುತ್ತಾರೆಂದು ನನಗೆ ಹೇಳಿದ್ದು ಸಪ್ತಾಪುರದ ಆ ಹುಡುಗಿ. ಅವಳೂ ಆಗಲೇ ಆ ಕಂಪನಿಯ ಬಸ್ಸು ಹಿಡಿದಿದ್ದಳು.