ಅಪ್ಪ ಮಗ್ಗದ ಮೇಲೆ ತೋರಿಸಿದ ಅಲೆ

ದೊಡ್ಡಬಳ್ಳಾಪುರದ ನಮ್ಮ ಬೀದಿಯ ಮಕ್ಕಳು ಓದುತ್ತಿದ್ದದ್ದು ಕರೆಂಟ್ ಹೋದಾಗ. ಕರೆಂಟ್ ಇದ್ದರೆ ಮನೆಮನೆಯಲ್ಲೂ ಪವರ್‌ಲೂಮಿನ ಖಟಪಟ. ಪಕ್ಕದಲ್ಲಿ ಕೂತವರ ಮಾತೇ ಕೇಳದು, ಇನ್ನು ಪುಸ್ತಕ ತಲೆಗೆ ಹತ್ತುವುದೆಲ್ಲಿ? ಎಂಬತ್ತರ ದಶಕದ ಕೊನೆಯಲ್ಲಿ ಕರೆಂಟು ಹಗಲೂ ಧಾರಾಳವಾಗಿ ಹೋಗುತ್ತಿತ್ತು. ಬೀದಿಯೆಲ್ಲ ಹಿಡಿಶಾಪ ಹಾಕುವಾಗ ನಾನೊಬ್ಬಳು ಕೈಮುಗಿಯುತ್ತಿದ್ದೆ.

ಯಾಕೆಂದರೆ ಪಿಯುಸಿಯಲ್ಲಿ ಫಿಸಿಕ್ಸ್ ಒಂದರಲ್ಲೇ ಡುಮ್ಕಿ ಹೊಡೆದಿದ್ದೆ. ಸುದ್ದಿ ತಿಳಿದದ್ದೇ ತಡ, ಸೋದರತ್ತೆ ತಮ್ಮ ಮಗನಿಗೆ ನನ್ನನ್ನು ಕೇಳಲು ಬಂದು ಕೂತರು. "ಇನ್ನೊಂದ್ ಸಲ ಬರೀಲಿ ಕಣಕ್ಕಾ. ಪಾಸಾದ್ರೆ ಕಾಲೇಜು, ಇಲ್ದಿದ್ರೆ ನಿನ್ ಸೊಸೆ" ಎಂದರು ಅಪ್ಪ. ಅತ್ತೆಯ ಮನೆಯಲ್ಲಿ ನಮಗಿಂತ ಹೆಚ್ಚು ಮಗ್ಗಗಳಿದ್ದವು. ಅದೇ ನನ್ನ ಭಾಗ್ಯವಂತೆ. ಆ ಸದ್ದಿನೊಳಗೇ ಹುಟ್ಟಿ ಆ ಸದ್ದಿನೊಳಗೇ ಸಾಯಬೇಕಲ್ಲ ಎನಿಸುತ್ತಿತ್ತು ನನಗೆ.

ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿದವಳಿಗೆ ಪಿಯುಸಿಯ ಇಂಗ್ಲಿಷೇ ಕಬ್ಬಿಣದ ಕಡಲೆ. ಅದರ ಮೇಲೆ ಎಲೆಕ್ಟ್ರೋಮ್ಯಾಗ್ನೆಟಿಕ್ ವೇವ್ಸ್ ಎಂಬ ಪಾಠ. ಕೆರೆಯ ಅಲೆಗೆ ನೀರು ಬೇಕು, ಸದ್ದಿಗೆ ಗಾಳಿ ಬೇಕು. ಈ ಅಲೆಗೆ ಏನೂ ಬೇಡವಂತೆ, ಖಾಲಿ ಜಾಗದಲ್ಲೂ ಬೆಳಕಿನ ವೇಗದಲ್ಲಿ ಓಡುತ್ತದಂತೆ. ಬೆಳಕೇ ಇಂಥದೊಂದು ಅಲೆಯಂತೆ. ಏನೂ ಇಲ್ಲದ ಕಡೆ ಅಲುಗಾಡುವುದಾದರೂ ಏನು ಎಂದು ಕೇಳಿದ್ದಕ್ಕೆ ಲೆಕ್ಚರರು, "ಬೈಹಾರ್ಟ್ ಮಾಡಮ್ಮ, ಸಾಕು" ಎಂದು ಮುಂದಿನ ಪುಟ ತಿರುವಿದ್ದರು.

ಒಂದು ಮಧ್ಯಾಹ್ನ ಮಗ್ಗ ನಿಂತಾಗ ಪುಸ್ತಕದ ಮೇಲೆ ತಲೆಯಿಟ್ಟು ಅಳುತ್ತಿದ್ದೆ. ಪ್ರೈಮರಿಯನ್ನೂ ಮುಗಿಸದ ಅಪ್ಪ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು.

"ಅದೇನೈತೆ ಅದ್ರಾಗೆ? ಕನ್ನಡದಲ್ಲಿ ಹೇಳು."

ತಿಳಿದಷ್ಟು ಹೇಳಿದೆ. ವಿದ್ಯುತ್ತಿನ ಸೆಳೆತ ಏರಿಳಿದರೆ ಕಾಂತದ ಸೆಳೆತ ಹುಟ್ಟುತ್ತದೆ, ಅದು ಏರಿಳಿದರೆ ಮತ್ತೆ ವಿದ್ಯುತ್ತಿನದು. ಹೀಗೆ ಒಂದನ್ನೊಂದು ಹುಟ್ಟಿಸುತ್ತ ಮುಂದೆ ಹೋಗುತ್ತವೆ, ಒಂದಕ್ಕೊಂದು ಅಡ್ಡವಾಗಿರುತ್ತವೆ. ಮೋಟಾರಿನ ಸ್ವಿಚ್ಚಿನಲ್ಲಿ ಕಿಡಿ ಹಾರಿದಾಗಲೆಲ್ಲ ನಮ್ಮ ರೇಡಿಯೋ ಗೊರ್ ಅನ್ನುವುದೂ ಇಂಥ ಅಲೆಯಿಂದಲೇ.

ಅಪ್ಪನ ಮುಖ ಅರಳಿತು. "ಅಯ್ಯೋ ಹುಚ್ಚೀ, ಇದು ಬಟ್ಟೆ ಕಣೇ!" ನನ್ನನ್ನು ಮಗ್ಗದ ಹತ್ತಿರ ಎಳೆದೊಯ್ದು ಉದ್ದಕ್ಕೆ ಬಿಗಿದ ಎಳೆಗಳ ಮೇಲೆ ಬೆರಳಾಡಿಸಿದರು. "ಹಾಸು ಐತಲ್ಲ, ಇದು ನಿನ್ ಕರೆಂಟು. ಲಾಳಿ ಅಡ್ಡಕ್ಕೆ ತರೋ ಹೊಕ್ಕು, ಅದು ಮ್ಯಾಗ್ನೆಟ್ಟು. ಒಂದಿಲ್ದೆ ಇನ್ನೊಂದಿಲ್ಲ. ಎರಡೂ ಸೇರ್ಕೊಂಡು ಬಟ್ಟೆ ಮುಂದಕ್ ಹೋಗ್ತೈತೆ."

ಹುಟ್ಟಿದಾಗಿನಿಂದ ಕಣ್ಣೆದುರಿಗೇ ಇದ್ದದ್ದು! ನನಗೆ ನಗು ಬಂತು, ಅಳುವೂ ಬಂತು. ಆಮೇಲೆ ಆ ಪಾಠವನ್ನು ತೆರೆಯಲೇ ಇಲ್ಲ.

ಪರೀಕ್ಷೆಯಲ್ಲಿ ಆ ಅಲೆಯ ಪ್ರಶ್ನೆಯೇ ಬಂತು. ಉಳಿದವುಗಳಲ್ಲಿ ಕುಂಟುತ್ತಿದ್ದ ನನಗೆ ಇದೊಂದೇ ದಡ. ಅಲೆ ಹೋಗುವ ದಿಕ್ಕಿನುದ್ದಕ್ಕೂ ವಿದ್ಯುತ್ತನ್ನು ಹಾಸಿ, ಕಾಂತವನ್ನು ಅಡ್ಡಕ್ಕೆ ಹೊಕ್ಕಿಸಿ, ಸೀರೆಯಂತೆ ಅಚ್ಚುಕಟ್ಟಾಗಿ ಚಿತ್ರ ಬರೆದೆ.

ಹೊರಗೆ ಗೆಳತಿಗೆ ಹೇಳಿದಾಗ ಅವಳು ಬೆಚ್ಚಿಬಿದ್ದಳು. "ಉದ್ದಕ್ಕೆ ಹಾಕ್ಬಿಟ್ಯಾ? ಒಂದು ಮೇಲೆ ಕೆಳಗೆ, ಇನ್ನೊಂದು ಆಚೆ ಈಚೆ ಕಣೇ. ಹೋಗೋ ದಿಕ್ಕಿಗೆ ಎರಡೂ ಅಡ್ಡಾನೇ. ಉದ್ದಕ್ಕೆ ಏನೂ ಅಲ್ಲಾಡಲ್ಲ." ಪುಸ್ತಕ ತೆಗೆದು ತೋರಿಸಿದಳು. ಒಂದಕ್ಕೊಂದು ಅಡ್ಡ ಎಂಬ ಅದೇ ವಾಕ್ಯದ ಕೊನೆಯಲ್ಲಿ ಹೋಗುವ ದಿಕ್ಕಿಗೂ ಅಡ್ಡ ಎಂದಿತ್ತು. ನಾನು ಅಪ್ಪನಿಗೆ ಆ ವಾಕ್ಯದ ಅರ್ಧವನ್ನಷ್ಟೇ ಹೇಳಿದ್ದೆ.

ಗೇಟಿನಾಚೆ ಅಪ್ಪ ಸೈಕಲ್ ಹಿಡಿದು ನಿಂತಿದ್ದರು. "ನಮ್ದು ಬಂದಿತ್ತಾ?"

"ಬಂದಿತ್ತಪ್ಪ."

"ನಾನ್ ಹೇಳ್ದಂಗೇ ಬರ್ದ್ಯಾ?"

"ಹಂಗೇ ಬರ್ದೆ."

ಅವರು ಖುಷಿಯಿಂದ ಪೆಡಲ್ ತುಳಿದರು. ಕ್ಯಾರಿಯರ್ ಮೇಲೆ ಕೂತು ಸದ್ದಾಗದಂತೆ ಕಣ್ಣೀರು ಸುರಿಸಿದೆ. ಹೇಳುವುದಾದರೂ ಹೇಗೆ?

ರಿಸಲ್ಟ್ ಬಂತು, ಫೇಲು. ಮಾತು ಕೊಟ್ಟಂತೆ ಮದುವೆಯೂ ಆಯಿತು. ಚಪ್ಪರದಲ್ಲಿ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು: "ಪೇಪರ್ ನೋಡಿದೋರ್ದೇ ಏನೋ ತಪ್ಪಾಗೈತೆ. ಆ ಅಲೆ ಪ್ರಶ್ನೆ ಮಾತ್ರ ನನ್ ಮಗಳು ಸರಿಯಾಗೇ ಬರ್ದಿದ್ಲು, ಅಲ್ವೇನಮ್ಮಾ?"

ನಾನು ತಲೆ ತಗ್ಗಿಸಿದೆ. ಮದುಮಗಳ ನಾಚಿಕೆ ಎಂದುಕೊಂಡು ಎಲ್ಲರೂ ನಕ್ಕರು.