ನನ್ನ ವಕೀಲ ನಾನೇ

ಕಾನೂನು ಎಂದರೆ ನನಗೆ ಮೊದಲಿನಿಂದಲೂ ಹೆದರಿಕೆ. ನಮ್ಮ ಸೊಸೈಟಿಯ ನೋಟಿಸ್ ಬೋರ್ಡಿನ ಮುಂದೆ ನಿಂತರೂ ನನ್ನ ಹೆಸರು ಅದರಲ್ಲಿ ಇದೆಯೇನೋ ಎಂದು ಕೈ ಬೆವರುತ್ತದೆ. ಅಂಥ ನಾನು, ಡೊಂಬಿವಲಿಯಿಂದ ದಿನಾ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿಗೆ ಹೋಗಿ ತಲೆ ತಗ್ಗಿಸಿ ಕೆಲಸ ಮಾಡಿ ಬರುವ ಗುಮಾಸ್ತ, ಕಲ್ಯಾಣದ ಕೋರ್ಟಿನಲ್ಲಿ ನನ್ನ ಕೇಸನ್ನು ನಾನೇ ನಡೆಸಿದೆ. ಯಾವ ಕೇಸು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಕುಡಿದು ಕಾರು ಓಡಿಸಿದ್ದು.

ಕಾರು ನನ್ನದಲ್ಲ, ಜಯಕರ ಭಾವನದು. ಭಾವ ಎಂದರೆ ನನ್ನ ಹೆಂಡತಿ ಸುಮತಿಯ ಅಣ್ಣ. ಶಹಾಡ್ ಸ್ಟೇಶನ್ನಿನ ಹತ್ತಿರ ಸಣ್ಣದೊಂದು ಉಡುಪಿ ಹೋಟೆಲು ಇಟ್ಟಿದ್ದರು. ಭಾನುವಾರ ಮಧ್ಯಾಹ್ನ ಹೋಟೆಲಿನ ಬಾಗಿಲು ಎಳೆದು ನೇರ ನಮ್ಮ ಮನೆಗೆ ಬಂದು, ಕೆಳಗಿನಿಂದಲೇ ಹಾರ್ನ್ ಹೊಡೆದು, ನನ್ನನ್ನು ಕೂರಿಸಿಕೊಂಡು ಶೀಳ್ ರಸ್ತೆಯ ಒಂದು ಬಾರಿಗೆ ಕರೆದುಕೊಂಡು ಹೋಗುತ್ತಿದ್ದರು. ಕುಡಿಯುವವನು ನಾನು. ಅವರಿಗೆ ನಿಂಬೆ ಸೋಡಾ. "ಏನು ಭಾವ, ಬಾರಿಗೆ ಬಂದು ಸೋಡಾ ಕುಡಿಯುವುದು ದೇವಸ್ಥಾನಕ್ಕೆ ಹೋಗಿ ಚಪ್ಪಲಿ ಕಾದ ಹಾಗೆ" ಎಂದು ನಾನು ಅಣಕಿಸುತ್ತಿದ್ದೆ. ಅವರು ನಗುತ್ತಿದ್ದರು. ಕುಡಿತ ಅವರಿಗೆ ಒಗ್ಗುವುದಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಸಂಜೆ ನನ್ನನ್ನು ಮನೆಗೆ ಇಳಿಸಿ, ನಾನು ಲಿಫ್ಟ್ ಹತ್ತುವ ತನಕ ಗೇಟಿನಲ್ಲಿ ನಿಂತಿದ್ದು, ಆಮೇಲೆ ಶಹಾಡಿಗೆ ವಾಪಸು ಹೋಗುತ್ತಿದ್ದರು.

ಈ ವರ್ಷ ಮಳೆ ಶುರುವಾಗುವ ಹೊತ್ತಿಗೆ ಭಾವ ತೀರಿಕೊಂಡರು. ಗಲ್ಲಾದಲ್ಲಿ ಕೂತಿದ್ದವರು ಹಾಗೆಯೇ ಒರಗಿದರಂತೆ. ಉತ್ತರಕ್ರಿಯೆಯ ಬೊಜ್ಜದ ಊಟವಾದ ಮೇಲೆ ಅವರ ಮಗ ನಿಖಿಲ್ ಕಾರಿನ ಕೀಲಿ ನನ್ನ ಕೈಗಿಟ್ಟು, "ಮಾವ, ಗಾಡಿ ಆಪ್ ಹೀ ಚಲಾವೋ. ಮೈ ತೋ ಬೈಕ್ ಪೇ ಜಾತಾ ಹೂಂ. ಪಡೀ ರಹೇಗೀ ತೋ ಬ್ಯಾಟರಿ ಬೈಠ್ ಜಾಯೇಗೀ" ಎಂದ. ಗಾಡಿ ನೀವೇ ಓಡಿಸಿ, ನಾನು ಬೈಕಿನಲ್ಲಿ ಹೋಗುವವನು, ಸುಮ್ಮನೆ ಬಿದ್ದಿದ್ದರೆ ಬ್ಯಾಟರಿ ಕೂತುಬಿಡುತ್ತದೆ ಎಂದು. ಇಲ್ಲೇ ಹುಟ್ಟಿದ ಹುಡುಗ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

ಶ್ರಾವಣಕ್ಕೆ ಮುಂಚಿನ ಭಾನುವಾರ. ವ್ರತ ಶುರುವಾಗುವ ಮೊದಲು ತಿಂದು ಕುಡಿದು ಮುಗಿಸುವ ಆ ದಿನಗಳಿಗೆ ಇಲ್ಲಿನವರು ಗಟಾರಿ ಎನ್ನುತ್ತಾರೆ. ಮಧ್ಯಾಹ್ನ ಹಾರ್ನ್ ಕೇಳಿಸಲಿಲ್ಲ. ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ಬಟ್ಟೆ ಬದಲಿಸಿ ಕೂತಿದ್ದೆ. ಕೊನೆಗೆ ಕೀಲಿ ತೆಗೆದುಕೊಂಡು ಒಬ್ಬನೇ ಹೋದೆ. ಅದೇ ಬಾರು, ಅದೇ ಮೇಜು. ವೇಟರ್ ಕೇಳದೆಯೇ ಒಂದು ನಿಂಬೆ ಸೋಡಾ ಕೂಡ ತಂದಿಟ್ಟ. ಅದನ್ನು ವಾಪಸು ಕಳಿಸಲು ಬಾಯಿ ಬರಲಿಲ್ಲ. ಅದನ್ನು ನೋಡುತ್ತ ಎಂದಿಗಿಂತ ಜಾಸ್ತಿಯೇ ಕುಡಿದೆ. ವಾಪಸು ಬರುವಾಗ ಪೊಲೀಸರ ನಾಕಾಬಂದಿ. ಮಿಷನ್ನಿಗೆ ಬಾಯಿ ಹಚ್ಚಿ ಊದಿಸಿದರು. ಲೈಸೆನ್ಸು ಇಟ್ಟುಕೊಂಡು, ಕುಡಿಯದವರು ಯಾರಾದರೂ ಬಂದು ಗಾಡಿ ಒಯ್ಯಲಿ ಎಂದರು. ಅಂಥವರು ನನಗೆ ಒಬ್ಬರೇ ಇದ್ದರು, ಅವರೂ ಈಗಿಲ್ಲ. ನಿಖಿಲ್‌ಗೆ ಫೋನ್ ಮಾಡಿದೆ. ಅವನು ರಿಕ್ಷಾದಲ್ಲಿ ಬಂದು, ಏನೂ ಕೇಳದೆ ನನ್ನನ್ನು ಮನೆಗೆ ಬಿಟ್ಟು, ಗಾಡಿ ತೆಗೆದುಕೊಂಡು ಹೋದ. ಒಂದು ಬೈಗುಳ ಬೈದಿದ್ದರೂ ನನಗೆ ಹಗುರವಾಗುತ್ತಿತ್ತು.

ಸಾನಪಾಡಾದಲ್ಲಿ ನಮ್ಮೂರಿನವರೇ ಒಬ್ಬರು ವಕೀಲರಿದ್ದಾರೆ. ಆದರೆ ಅವರ ಹೆಂಡತಿ ನಮ್ಮ ಇಲ್ಲಿನ ಕನ್ನಡ ಸಂಘದ ಮಹಿಳಾ ವಿಭಾಗದಲ್ಲಿದ್ದಾರೆ. ಅವರಿಗೆ ಹೇಳುವುದೂ ಮೈಕ್ ಹಿಡಿದು ಹೇಳುವುದೂ ಒಂದೇ. ಹಾಗಾಗಿ ನನ್ನ ವಕೀಲ ನಾನೇ ಆಗುವುದೆಂದು ನಿಶ್ಚಯಿಸಿದೆ. ಕೋರ್ಟಿನ ಹೊರಗಿನ ಅಂಗಡಿಯಲ್ಲಿ 'ನಿಮ್ಮ ಕೇಸು ನೀವೇ ನಡೆಸಿ' ಎಂಬರ್ಥದ ಮರಾಠಿ ಪುಸ್ತಿಕೆ ಸಿಕ್ಕಿತು. ಫೋನಿನಲ್ಲಿ ಕಪ್ಪು ಕನ್ನಡಕದ ಒಬ್ಬಾತ ದಿನಕ್ಕೊಂದು ವಿಡಿಯೋದಲ್ಲಿ ಕಾನೂನು ಕಲಿಸಿದ. ಇವಲ್ಲದೆ, ಕಾನೂನಿನ ಪ್ರಶ್ನೆಗಳಿಗೆ ಉತ್ತರ ಕೊಡುವ ಒಂದು ಆ್ಯಪು. ಅದು ಕನ್ನಡದಲ್ಲೂ ಮಾತಾಡುತ್ತದೆ ಎಂದು ಹೆಮ್ಮೆಯಾಯಿತು. ಕುಡಿದು ಗಾಡಿ ಓಡಿಸಿದ್ದೇನೆ, ಮುಂದೇನು ಮಾಡಲಿ ಎಂದು ಕೇಳಿದರೆ, ಅದು "ಹೆಚ್ಚಿನ ಸಲಹೆಗೆ ನಿಮ್ಮ ಸಮೀಪದ ಮದ್ಯದಂಗಡಿಗಳ ಸಂಘವನ್ನು ಸಂಪರ್ಕಿಸಿ" ಎಂದಿತು. ವಕೀಲರ ಬಾರ್ ಅಸೋಸಿಯೇಶನ್ನಿಗೂ ಶೀಳ್ ರಸ್ತೆಯ ಬಾರಿಗೂ ಅದಕ್ಕೆ ವ್ಯತ್ಯಾಸ ತಿಳಿದಿರಲಿಲ್ಲ. ನಕ್ಕೆ. ಭಾವನಿಗೆ ಹೇಳಬೇಕು ಎಂದುಕೊಂಡೆ. ಆಮೇಲೆ ನಗು ನಿಂತಿತು.

ಮರಾಠಿ ಪುಸ್ತಿಕೆ ಓದುತ್ತ ಒಂದು ವಿಚಿತ್ರ ಕಂಡಿತು. ನಮ್ಮಲ್ಲಿ ಅಮಲು ಎಂದರೆ ನಶೆ. ಅಮಲ್ದಾರ ಎಂದರೆ ಅಧಿಕಾರಿ. ಮರಾಠಿಯಲ್ಲೂ ಅದೇ ಪದಕ್ಕೆ ಆಳ್ವಿಕೆ ಎಂದೂ ಅರ್ಥ, ನಶೆ ಎಂದೂ ಅರ್ಥ. ಕಾಯಿದೆ ಜಾರಿ ಮಾಡುವುದಕ್ಕೆ ಅಂಮಲಬಜಾವಣಿ ಎನ್ನುತ್ತಾರೆ. ಅಂದರೆ ಆ ಭಾನುವಾರ ರಸ್ತೆಯ ಮೇಲೆ ನನ್ನನ್ನು ಹಿಡಿದವನದೂ ಅಮಲು, ಸಿಕ್ಕಿಬಿದ್ದ ನನ್ನದೂ ಅಮಲು. ಈ ವಾದವನ್ನು ಕೋರ್ಟಿನಲ್ಲಿ ಹೂಡುವಷ್ಟು ಪೆದ್ದ ನಾನಲ್ಲ. ನಾನು ಹೂಡಬೇಕೆಂದಿದ್ದ ವಾದ ಅದಕ್ಕಿಂತ ಕೆಟ್ಟದ್ದು.

ಕಪ್ಪು ಕನ್ನಡಕದವನು ಹೇಳಿಕೊಟ್ಟದ್ದು ಅದು. ಕೆಮ್ಮಿನ ಔಷಧಿಯಲ್ಲಿಯೂ ಆಲ್ಕೋಹಾಲ್ ಇರುತ್ತದೆ. ಅದನ್ನು ಕುಡಿದಿದ್ದೆ, ಮಿಷನ್ ಅದನ್ನೇ ಹಿಡಿಯಿತು ಎನ್ನಿ. ಮನೆಯವರೊಬ್ಬರ ಸಾಕ್ಷಿ ಇದ್ದರೆ ಒಳ್ಳೆಯದು. ಕನ್ನಡಿಯ ಮುಂದೆ ನಿಂತು ಕೆಮ್ಮುವುದನ್ನು ಅಭ್ಯಾಸ ಮಾಡಿದೆ. ಸುಮತಿ ಒಂದೆರಡು ದಿನ ಕಷಾಯ ಮಾಡಿಕೊಟ್ಟಳು. ಮೂರನೆಯ ದಿನ ಲೋಟವನ್ನು ಮೇಜಿನ ಮೇಲೆ ಕುಕ್ಕಿ, "ಅಣ್ಣ ಇದ್ದಿದ್ದರೆ ನಿಮಗೆ ಈ ಕೆಮ್ಮು ಬರ್ತಿರಲಿಲ್ಲ" ಎಂದಳು. ಗೊತ್ತಾಗಿದೆ ಎಂದು ನನಗೂ ಗೊತ್ತಾಯಿತು.

ಆದರೂ ಸಾಕ್ಷಿ ಕೇಳಲು ಶಹಾಡಿಗೆ ಹೋದೆ. ಹೋಟೆಲಿನಲ್ಲಿ ಮಧ್ಯಾಹ್ನದ ಗಿರಾಕಿಗಳು ಕಡಿಮೆಯಾಗಿದ್ದರು. ನಿಖಿಲ್ ಆಫೀಸಿಗೆ ರಜೆ ಹಾಕಿ ಅಡುಗೆಮನೆ ನೋಡಿಕೊಳ್ಳುತ್ತಿದ್ದ. ಗಲ್ಲಾದಲ್ಲಿ ಅವನ ತಾಯಿ ಶಾಂತಕ್ಕ ಕೂತಿದ್ದರು. ನಾನು ನಿಖಿಲ್‌ನನ್ನು ಮೂಲೆಗೆ ಕರೆದು ಕೆಮ್ಮಿನ ಕಥೆ ಹೇಳಿದೆ. ಅವನು ಕೈ ಒರೆಸಿಕೊಳ್ಳುತ್ತ, "ಆಪ್ ಬೋಲೋ ತೋ ಬೋಲ್ ದೂಂಗಾ, ಮಾವ" ಎಂದ. ನೀವು ಹೇಳು ಎಂದರೆ ಹೇಳುತ್ತೇನೆ ಎಂದು. ಅಷ್ಟು ಸಲೀಸಾಗಿ ಒಪ್ಪಿದ್ದೇ ನನಗೆ ಚುಚ್ಚಿತು.

ಶಾಂತಕ್ಕನಿಗೆ ಎಲ್ಲ ಕೇಳಿಸಿತ್ತು. ಸಿಟ್ಟು ಮಾಡಲಿಲ್ಲ. ಚಹಾ ತರಿಸಿ, ಎದುರಿಗೆ ಕೂರಿಸಿ ಕೇಳಿದರು.

"ಒಬ್ಬರೇ ಹೋಗಿದ್ದಿರಾ ಅಲ್ಲಿಗೆ?"

"ಹೌದು ಶಾಂತಕ್ಕ."

"ಇವರಿಗೂ ಒಬ್ಬರೇ ಕೂತು ಕುಡಿದರೆ ಬೇಜಾರಾಗ್ತಿತ್ತು."

ಯಾರಿಗೆ ಎಂದು ಕೇಳಿದೆ. ಅವರು ನನ್ನನ್ನೇ ಅಚ್ಚರಿಯಿಂದ ನೋಡಿದರು. "ನಿಮ್ಮ ಭಾವನಿಗೆ ಮಾರಾಯ್ರೆ. ನಿಮಗೆ ಗೊತ್ತಿಲ್ವಾ? ಭಾನುವಾರ ನಿಮ್ಮನ್ನು ಬಿಟ್ಟು ಬಂದ ಮೇಲೆ ಬಾಲ್ಕನಿಯಲ್ಲಿ ಒಂದು ಪೆಗ್ಗು ತಗೊಳ್ತಿದ್ದರು. ನಾನು ಹಪ್ಪಳ ಸುಟ್ಟು ಕೊಡ್ತಿದ್ದೆ. ಸುಮತಿ ಗಂಡನನ್ನು ಮನೆ ಮುಟ್ಟಿಸಿ ಆಯ್ತು, ಇನ್ನು ನಂದು ಅಂತ ಹೇಳಿಕೊಂಡೇ ಕೂತ್ಕೊಳ್ತಿದ್ದದ್ದು. ಅಲ್ಲೇ ನಿಮ್ಮ ಜೊತೆಗೇ ಕುಡಿಯಬಾರದಾ ಅಂದ್ರೆ, ಮತ್ತೆ ಗಾಡಿ ಯಾರು ಬಿಡ್ತಾರೆ, ಸುಮತಿ ಕಾಯ್ತಾಳೆ ಅಂತಿದ್ರು."

ಇಷ್ಟು ವರ್ಷ ಎದುರಿಗೆ ಕೂತಿದ್ದವರಿಗೆ ಆಸೆ ಇತ್ತು. ನನ್ನ ಗ್ಲಾಸು ನೋಡುತ್ತ ಸೋಡಾ ಕುಡಿದಿದ್ದರು. ನಾನು ಅವರನ್ನು ಚಪ್ಪಲಿ ಕಾಯುವವನೆಂದು ನಕ್ಕಿದ್ದೆ. "ಸಾಕ್ಷಿ ಬೇಡ, ಮಗಾ" ಎಂದು ನಿಖಿಲ್‌ಗೆ ಹೇಳಿ ಎದ್ದೆ.

ಕೋರ್ಟಿನ ದಿನ ಪುಸ್ತಿಕೆ ಚೀಲದಲ್ಲೇ ಇತ್ತು. ಮ್ಯಾಜಿಸ್ಟ್ರೇಟರು ನನ್ನ ಮಗಳ ಪ್ರಾಯದ ಹೆಂಗಸು. ವಕೀಲರು ಯಾರು ಎಂದು ಕೇಳಿದರು. ನಾನೇ ಎಂದೆ. ತಪ್ಪು ಒಪ್ಪುತ್ತೀರಾ ಎಂದರು. ಒಪ್ಪಿದೆ. ಹೇಳುವುದು ಏನಾದರೂ ಇದೆಯೇ ಎಂದು ಅವರು ಕೇಳಿದಾಗ, ಇಲ್ಲ ಎನ್ನಲು ಹೊರಟವನ ಬಾಯಿಂದ ನನ್ನ ಹರುಕುಮುರುಕು ಮರಾಠಿಯಲ್ಲಿ ಬೇರೆಯೇ ಬಂತು: "ಗಾಡಿ ಚಾಲವಣಾರಾ ಗೇಲಾ, ಮ್ಯಾಡಮ್." ಗಾಡಿ ಓಡಿಸುವವರು ಹೋದರು.

ಪಕ್ಕದಲ್ಲಿದ್ದ ಕೋರ್ಟಿನ ಗುಮಾಸ್ತ ತಟ್ಟನೆ ತಲೆ ಎತ್ತಿದ. "ಕುಠೇ ಗೇಲಾ? ಪಳೂನ್ ಗೇಲಾ?" ಎಲ್ಲಿಗೆ ಹೋದ, ಓಡಿಹೋದನೇ ಎಂದು ಅವನ ಪ್ರಶ್ನೆ. ತಲೆಮರೆಸಿಕೊಂಡ ಡ್ರೈವರನೊಬ್ಬ ಸಿಕ್ಕಿದ ಉತ್ಸಾಹದಲ್ಲಿ ಪೆನ್ನನ್ನೂ ಹಿಡಿದಿದ್ದ.

"ನಾಹೀ. ವಾರಲಾ," ಎಂದೆ. ಇಲ್ಲ, ತೀರಿಕೊಂಡರು.

ಗುಮಾಸ್ತ ಪೆನ್ನು ಕೆಳಗಿಟ್ಟ. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು, ಇನ್ನು ಮೇಲೆ ರಿಕ್ಷಾ ಮಾಡಿಕೊಂಡು ಹೋಗಿ ಕಾಕಾ ಎಂದರು. ದಂಡ ಹಾಕಿದರು, ಕೆಲವು ತಿಂಗಳ ಮಟ್ಟಿಗೆ ಲೈಸೆನ್ಸು ಅಮಾನತು ಮಾಡಿದರು. ನನ್ನ ವಕಾಲತ್ತು ಅಲ್ಲಿಗೆ ಮುಗಿಯಿತು. ಸ್ವಂತ ಕೇಸು ಸೋತು ಇಷ್ಟು ನಿರಾಳವಾಗಿ ಹೊರಬಂದ ವಕೀಲ ಕಲ್ಯಾಣದಲ್ಲಿ ಇನ್ನೊಬ್ಬನಿರಲಾರ.

ಹೊರಗೆ ನಿಖಿಲ್ ಕಾರು ನಿಲ್ಲಿಸಿಕೊಂಡು ಕಾದಿದ್ದ. ನಾನು ಬರಲು ಹೇಳಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತೆ. ಪತ್ರೀ ಪೂಲ್ ಸೇತುವೆಯ ಟ್ರಾಫಿಕ್ಕಿನಲ್ಲಿ ಗಾಡಿ ನಿಂತಾಗ ಅವನು, ಮುಖ ತಿರುಗಿಸದೆ, ಕಷ್ಟಪಟ್ಟು ಕನ್ನಡದಲ್ಲಿ ಕೇಳಿದ: "ಮಾವ, ಪಪ್ಪ... ಸಂಡೇ ಸಂಡೇ ನಿಮ್ಮ ಹತ್ರ ಏನು ಮಾತಾಡ್ತಿದ್ದರು? ಘರ್ ಪೇ ತೋ ಕುಛ್ ಬೋಲತೇ ನಹೀ ಥೇ." ಮನೆಯಲ್ಲಿ ಏನೂ ಮಾತಾಡುತ್ತಿರಲಿಲ್ಲವಂತೆ.

ಯೋಚಿಸಿದೆ. ಅಷ್ಟು ಭಾನುವಾರಗಳ ಮಾತು ಕೇಳಿದವನು ನಾನೊಬ್ಬನೇ. ಆ ನಾನು ಆಗ ನೆಟ್ಟಗೆ ಇರುತ್ತಿರಲಿಲ್ಲ. ಹುಡುಕಿ ಹುಡುಕಿ ಒಂದು ಸಿಕ್ಕಿತು. "ನಿನಗೆ ಹೋಟೆಲು ಬೇಡವಂತೆ, ಬೇಡದಿದ್ದರೆ ಬಿಡಲಿ ಅಂತಿದ್ದರು. ಆದರೆ ಬೆಳಿಗ್ಗೆ ಆಫೀಸಿಗೆ ಹೋಗುವಾಗ ನೀನು ಚಟ್ನಿ ರುಚಿ ನೋಡಿ ಉಪ್ಪು ಸಾಕೋ ಬೇಕೋ ಹೇಳಿ ಹೋಗ್ತೀಯಂತೆ. ಒಂದು ದಿನವೂ ತಪ್ಪಿಲ್ಲ ಅವನ ಉಪ್ಪು ಅಂದರು."

"ಫಿರ್? ಆಮೇಲೆ?"

"ಆಮೇಲೆ ನನಗೆ ನಿದ್ದೆ ಬಂತು, ಮಗಾ."

ಅವನು ನಕ್ಕ. ನಗುತ್ತಲೇ ತೋಳಿನಿಂದ ಕಣ್ಣು ಒರೆಸಿಕೊಂಡ. ಹಿಂದಿನವರು ಹಾರ್ನ್ ಹೊಡೆಯುವ ತನಕ ಗಾಡಿ ಮುಂದೆ ಹೋಗಲಿಲ್ಲ.

ಈಗ ಭಾನುವಾರ ನಾನೂ ಸುಮತಿಯೂ ಲೋಕಲ್ ಹಿಡಿದು ಶಹಾಡಿಗೆ ಹೋಗುತ್ತೇವೆ. ಭಾವ ಹೇಳಿದ್ದನ್ನು ಒಂದೊಂದಾಗಿ ನೆನಪು ಮಾಡಿಕೊಂಡು ನಿಖಿಲ್‌ಗೆ ಹೇಳುತ್ತೇನೆ. ಯಾವುದೂ ಪೂರ್ತಿ ಸಿಗುವುದಿಲ್ಲ, ಅರ್ಧದಲ್ಲೇ ಮಸುಕಾಗುತ್ತದೆ. ಆಗ ಅವನು, "ಪಪ್ಪ ಹೀಗೆ ಹೇಳಿರಬೇಕು ನೋಡಿ" ಎಂದು ಮುಂದಿನದನ್ನು ತಾನೇ ಮುಗಿಸುತ್ತಾನೆ, ಕನ್ನಡದಲ್ಲಿ. ಅದು ನಿಜವೋ ಅಲ್ಲವೋ ನಾನು ಹೇಳಲಾರೆ. ಧಾಟಿ ಮಾತ್ರ ಭಾವನದೇ.