ಸುಳಿ ನೋಡುವ ಡಾಕ್ಟರು

ಸೂಜಿಯ ಪ್ಲಾಸ್ಟಿಕ್ ಮುಚ್ಚಳವನ್ನು ಮುಂಬಲ್ಲಿನಲ್ಲಿ ಕಚ್ಚಿಕೊಂಡೇ ಡಾಕ್ಟರು ಮಾತಾಡುತ್ತಿದ್ದರು. ಹಾಗಾಗಿ ಬೈಗುಳವೆಲ್ಲ ಸುಸ್ ಸುಸ್ ಎಂದು ಸೋರುತ್ತಿತ್ತು, ಜೊತೆಗೆ ಒಂದಿಷ್ಟು ಉಗುಳು. ತೊಂಬತ್ತರ ದಶಕದ ನಡುವಿನಲ್ಲಿ ಚಾಮರಾಜಪೇಟೆ ಕಡೆಯ ಒಂದು ಸಣ್ಣ ದನದಾಸ್ಪತ್ರೆಗೆ ನಾನು ಲ್ಯಾಬ್ ಸಹಾಯಕಿಯಾಗಿ ಸೇರಿದ ದಿನ, ಆ ಮುಚ್ಚಳದ ಸಂದಿಯಿಂದಲೇ ಕೇಳಿದರು. "ಏನಮ್ಮ ಓದಿದೀಯ?"

"ಬಿ.ಎಸ್ಸಿ. ಸರ್."

"ಸರಿ, ಅದನ್ನ ಮರ್ತುಬಿಡು."

ಅವತ್ತೇ ಆ ಮನುಷ್ಯನನ್ನು ಕಂಡರೆ ನನಗೆ ಆಗದಾಯಿತು.

ಆಗುವುದಾದರೂ ಹೇಗೆ? ಸಫಾರಿ ಸೂಟಿನ ಜೇಬಿನಲ್ಲಿ ಥರ್ಮಾಮೀಟರಿನ ಪಕ್ಕದಲ್ಲೇ ಕೋಡುಬಳೆ ಇಟ್ಟುಕೊಳ್ಳುವ ಡಾಕ್ಟರು! ನಾಯಿ ಹಿಡಿದುಕೊಂಡು ಬಂದ ಬಸವನಗುಡಿಯ ಹೆಂಗಸರಿಗೆ, "ನಾಯಿಗೇನೂ ಆಗಿಲ್ಲ, ನೀವು ತಿನ್ನೋದು ಕಮ್ಮಿ ಮಾಡಿ" ಎನ್ನುವವರು. ನಮಸ್ಕಾರ ಅಂದರೆ ತಿರುಗಿ ನೋಡುತ್ತಿರಲಿಲ್ಲ. ಕುದುರೆ ಕೆನೆದರೆ ಮಾತ್ರ ಎದ್ದು ಹೋಗುತ್ತಿದ್ದರು. ಎಲ್ಲಕ್ಕಿಂತ ನನ್ನ ಮೈ ಉರಿಸಿದ್ದು ಅವರ ಸುಳಿಯ ಹುಚ್ಚು. ಕುದುರೆಯ ಹಣೆ, ಕತ್ತು, ಎದೆಯಲ್ಲಿ ಕೂದಲು ಸುತ್ತಿಕೊಂಡ ಕಡೆಯೆಲ್ಲ ಬೆರಳಾಡಿಸಿ, "ಹಣೆ ಮಧ್ಯ ಒಂದು, ಎಡಗತ್ತಲ್ಲಿ ಎರಡು, ಬರ್ಕೋ" ಎನ್ನುವರು. ನಮ್ಮೂರಲ್ಲಿ ಎತ್ತು ಕೊಳ್ಳುವವರು ಮನೆಗೆ ಆಗಿಬರುತ್ತೋ ಇಲ್ಲವೋ ಎಂದು ಸುಳಿ ನೋಡುತ್ತಿದ್ದರು. ಸರ್ಕಾರದ ಸಂಬಳ ತಿಂದು ಇವರೂ ಅದನ್ನೇ ಮಾಡುವುದೇ? ಥೂ, ಇದಕ್ಕಾ ನಾನು ಮೈಕ್ರೋಸ್ಕೋಪ್ ಹಿಡಿಯಲು ಕಲಿತದ್ದು ಅನ್ನಿಸುತ್ತಿತ್ತು.

ಒಂದು ದಿನ ಕೇಳಿಯೇಬಿಟ್ಟೆ. "ಸರ್, ರಕ್ತ ತೆಗೆದ ಮೇಲೆ ಈ ಶಾಸ್ತ್ರ ಎಲ್ಲ ಯಾಕೆ?"

"ರಕ್ತಕ್ಕೆ ಮುಖ ಇರತ್ತೇನಮ್ಮ?" ಎಂದರು. ಅಷ್ಟೇ. ಇನ್ನೆರಡು ಮಾತು ಬಿಡಿಸಿ ಹೇಳಿದ್ದರೆ ಅವರಪ್ಪನ ಗಂಟೇನು ಹೋಗುತ್ತಿತ್ತೋ.

ಆ ವರ್ಷ ಕುದುರೆಗಳಲ್ಲಿ ಒಂದು ರಕ್ತದ ರೋಗ ಕಾಣಿಸಿದೆಯೆಂದು ಮೇಲಿನಿಂದ ಆದೇಶ ಬಂತು. ನೊಣ ಕಚ್ಚಿ ಒಂದರಿಂದ ಇನ್ನೊಂದಕ್ಕೆ ಅಂಟುವ ರೋಗ, ಮದ್ದಿಲ್ಲ. ಇದೆಯೆಂದು ಗೊತ್ತಾದರೆ ಆ ಕುದುರೆಯನ್ನು ಇಂಜೆಕ್ಷನ್ ಕೊಟ್ಟು ಕೊಲ್ಲಲೇಬೇಕು. ಪೇಟೆಯಲ್ಲಿ ಉಳಿದಿದ್ದ ಜಟಕಾ ಕುದುರೆ, ಮದುವೆ ಮೆರವಣಿಗೆಯ ಕುದುರೆ, ಎಲ್ಲದರ ರಕ್ತವನ್ನೂ ದೊಡ್ಡ ಲ್ಯಾಬಿಗೆ ಕಳಿಸಬೇಕಿತ್ತು. ಡಾಕ್ಟರು ರಕ್ತ ಎಳೆಯುವುದು, ನಾನು ಟ್ಯೂಬಿಗೆ ನಂಬರ್ ಅಂಟಿಸಿ ಫಾರಂ ತುಂಬುವುದು.

ಮೆರವಣಿಗೆಗೆ ಕುದುರೆ ಕೊಡುವ ಮುದುಕರೊಬ್ಬರ ಲಾಯದಲ್ಲಿ ಎರಡು ಬಿಳಿ ಹೆಣ್ಣು ಕುದುರೆಗಳಿದ್ದವು. ಒಂದೇ ಎತ್ತರ, ಒಂದೇ ಮೈಕಟ್ಟು. ಡಾಕ್ಟರು ಎಂದಿನಂತೆ ಸುಳಿ ಹೇಳುತ್ತಾ ಹೋದರು. ಬಿಸಿಲು, ಲದ್ದಿಯ ವಾಸನೆ, ನನಗೆ ಸಾಕುಸಾಕಾಗಿತ್ತು. ಬರೆದಂತೆ ನಟಿಸಿ, ಎರಡು ಫಾರಮ್ಮಿನಲ್ಲೂ 'ಬಿಳಿ, ಹೆಣ್ಣು' ಎಂದಷ್ಟೇ ಗೀಚಿ, ಸುಳಿಯ ಜಾಗದಲ್ಲಿ ಅಡ್ಡಗೆರೆ ಎಳೆದೆ. ಅವರು ನೋಡದೆ ಸಹಿ ಹಾಕಿದರು.

ಕೆಲವು ವಾರಗಳ ಮೇಲೆ ವರದಿ ಬಂತು. ಎರಡರಲ್ಲಿ ಒಂದಕ್ಕೆ ರೋಗವಿತ್ತು. ಡಾಕ್ಟರು ಇಂಜೆಕ್ಷನ್ ತುಂಬಿಕೊಂಡು, ಲಾಯದಲ್ಲಿ ನಿಂತು ಫಾರಂ ಬಿಡಿಸಿದರು. ಅಡ್ಡಗೆರೆ ಕಂಡಿತು. ಬಾಯಿಂದ ಮುಚ್ಚಳ ತೆಗೆದರು.

"ಯಾವ್ದು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ಕೊಬ್ಬು ಬಿಡಲಿಲ್ಲ. ಬಲಗಡೆಯದನ್ನು ತೋರಿಸಿ "ಇದೇ ಸರ್" ಎಂದುಬಿಟ್ಟೆ.

ಮುದುಕರು ಅದರ ಕತ್ತನ್ನು ತಬ್ಬಿಕೊಂಡರು. "ಸ್ವಾಮಿ, ಇವಳಿಗೇನೂ ಆಗಿಲ್ಲ. ಬೆಳಿಗ್ಗೆ ಹುರುಳಿ ಪೂರ್ತಿ ತಿಂದವ್ಳೆ. ಇನ್ನೊಂದ್ಸಲ ನೋಡಿ ಸ್ವಾಮಿ, ನಿಮ್ಮ ಕಾಲಿಗೆ ಬೀಳ್ತೀನಿ."

ಡಾಕ್ಟರು ನನ್ನ ಮುಖವನ್ನೇ ನೋಡುತ್ತಾ "ಖಂಡಿತಾನಾ?" ಎಂದರು. ನಾನು ಫಾರಮ್ಮಿನ ಕಡೆ ಕಣ್ಣು ತಿರುಗಿಸಿದೆ. ಅವರು ಇಂಜೆಕ್ಷನ್ನನ್ನು ಚೀಲಕ್ಕೆ ಹಾಕಿ, ಕುದುರೆಗಳನ್ನು ದೂರ ದೂರ ಕಟ್ಟಿಸಿ, ಎರಡರ ರಕ್ತವನ್ನೂ ಮತ್ತೆ ತೆಗೆದರು. ಬಣ್ಣ, ಎತ್ತರ ಒಂದೇ ಆದರೂ ಎರಡರ ಸುಳಿಗಳು ಬೇರೆ ಬೇರೆ; ಅವನ್ನು ತಾವೇ ಬರೆದುಕೊಂಡರು.

ಎರಡನೇ ವರದಿ ಬಂದಾಗ, ನಾನು ತೋರಿಸಿದ್ದ ಕುದುರೆಗೆ ರೋಗವೇ ಇರಲಿಲ್ಲ! ಇನ್ನೊಂದನ್ನು ಡಾಕ್ಟರು ಮಲಗಿಸಿದಾಗ ಮುದುಕರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

ಗುರುತಿಲ್ಲದೆ ರಕ್ತ ಕಳಿಸಿದ್ದು ಹೇಗೆಂದು ಮೇಲಧಿಕಾರಿಗಳು ವಿವರಣೆ ಕೇಳಿದರು. 'ಸುಳಿ ಹೇಳಲು ನಾನೇ ಮರೆತೆ' ಎಂದು ಡಾಕ್ಟರು ಬರೆದುಕೊಟ್ಟರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನಿಜ ಹೊರಬಿದ್ದಿದ್ದರೆ ಅವತ್ತೇ ಮನೆಗೆ ಹೋಗಬೇಕಿತ್ತು. ನಿವೃತ್ತಿಗೆ ಎರಡು ವರ್ಷವಿದ್ದ ಅವರನ್ನು ಗಡಿಯ ಯಾವುದೋ ತಾಲ್ಲೂಕಿಗೆ ಎತ್ತಿ ಹಾಕಿದರು. ಹೊರಡುವ ದಿನ ನಾನು ಬಾಯಿ ತೆರೆಯುವ ಮೊದಲೇ, "ತಪ್ಪು ಮಾಡೋಕೂ ಒಂದು ಯೋಗ್ಯತೆ ಬೇಕಮ್ಮ, ನಿಂಗೆಲ್ಲಿದೆ? ಹೋಗು, ಟ್ಯೂಬ್ ತೊಳಿ" ಎಂದರು. ಉಪಕಾರ ಮಾಡುವಾಗಲೂ ಮನುಷ್ಯನಿಗೆ ಇಷ್ಟು ಕೊಳಕು ನಾಲಿಗೆ ಇರಬೇಕೇ? ಆ ಸಿಟ್ಟನ್ನೇ ನೆಪ ಮಾಡಿಕೊಂಡು ಬಾಯಿ ಮುಚ್ಚಿಕೊಂಡೆ. ಕೆಲಸ ಕಾಯಂ ಆಯಿತು. ಆಮೇಲೆ ಎಷ್ಟೋ ವರ್ಷ, ಒಂದು ಸುಳಿಯನ್ನೂ ಬಿಡದೆ ಬರೆದೆ. ಆದರೂ ಅವರ ಮೇಲೆ ಪ್ರೀತಿ ಹುಟ್ಟಿತು ಎಂದು ಸುಳ್ಳು ಹೇಳಲಾರೆ.

ಅವರು ತೀರಿಕೊಂಡ ಸುದ್ದಿ ತಿಳಿದು ಗವಿಪುರದ ಮನೆಗೆ ಹೋದೆ. ಅವರ ಹೆಂಡತಿ ಕೂರಿಸಿ ನೀರು ಕೊಟ್ಟರು. "ಅಮ್ಮ, ಆ ಬಿಳಿ ಕುದುರೆ ವಿಷಯದಲ್ಲಿ ತಪ್ಪು ಅವರದಲ್ಲ, ನಂದು" ಎಂದೆ.

"ಗೊತ್ತಮ್ಮ" ಎಂದರು ಆಕೆ. "'ಅವಳೇ ಬಂದು ಹೇಳ್ತಾಳೆ, ಬಿಡು' ಅಂತಿದ್ರು. ಇಷ್ಟು ತಡ ಮಾಡ್ತೀಯ ಅಂತ ಅಂದ್ಕೊಂಡಿರ್ಲಿಲ್ಲ."